ಜಿಎಂಎ ಅಕ್ರಿಲಿಕ್ ರೆಸಿನ್: ಒಂದು ಬ್ಯಾಚ್ ಜೆಲ್ ಆಯಿತು, ಇನ್ನೊಂದರಲ್ಲಿ ಎಪಾಕ್ಸಿ ಲೆಕ್ಕ ಕೂಡಿಬರುತ್ತಿಲ್ಲ

ರಾಳಪಾಕ (ಪ್ರಶ್ನೆ):

ಪೌಡರ್ ಕೋಟಿಂಗ್ ಕ್ಲಿಯರ್‌ಗಾಗಿ (ಪುಡಿಯಾಗಿ ಸಿಂಪಡಿಸಿ ಒಲೆಯಲ್ಲಿ ಕರಗಿಸುವ, ಬಣ್ಣವಿಲ್ಲದ ಲೇಪ) ಗ್ಲೈಸಿಡಿಲ್ ಮೆಥಾಕ್ರಿಲೇಟ್, ಅಂದರೆ ಜಿಎಂಎ, ಸೇರಿಸಿದ ಅಕ್ರಿಲಿಕ್ ರೆಸಿನ್ ಮಾಡುವ ಕೆಲಸ ನಡೆದಿದೆ. 2 ಲೀಟರ್ ಗಾಜಿನ ಫ್ಲಾಸ್ಕ್, ಆಂಕರ್ ಸ್ಟಿರರ್, ಕಂಡೆನ್ಸರ್, ಮೇಲಿಂದ ನೈಟ್ರೋಜನ್. ದ್ರಾವಕ ಬ್ಯುಟೈಲ್ ಅಸಿಟೇಟ್; ಕೊನೆಗೆ ಘನಾಂಶ ಶೇ 60 ಬರುವಂತೆ ಲೆಕ್ಕ ಹಾಕಿದ್ದೇವೆ. ಮಾನೋಮರ್‌ಗಳನ್ನೂ (ಸರಪಳಿಯಾಗಿ ಸೇರುವ ಸಣ್ಣ ಅಣುಗಳು) ಇನಿಷಿಯೇಟರನ್ನೂ (ಕ್ರಿಯೆ ಶುರು ಮಾಡುವ ಪೆರಾಕ್ಸೈಡ್) ಒಟ್ಟಿಗೆ ಬೆರೆಸಿ, 125 ಡಿಗ್ರಿ ರಿಫ್ಲಕ್ಸ್‌ನಲ್ಲಿ 3 ಗಂಟೆ ಫೀಡ್, ಅಂದರೆ ನಿಧಾನವಾಗಿ ಬಿಡುವುದು, ಆಮೇಲೆ ಅದೇ ಬಿಸಿಯಲ್ಲಿ 2 ಗಂಟೆ ಹೋಲ್ಡ್.

ಒಟ್ಟು 100 ಭಾಗ ಮಾನೋಮರ್‌ನಲ್ಲಿ ಮೊದಲ ಬ್ಯಾಚಿಗೆ ಜಿಎಂಎ 28, ಸ್ಟೈರೀನ್ 20, ಮೀಥೈಲ್ ಮೆಥಾಕ್ರಿಲೇಟ್ 35, ಬ್ಯುಟೈಲ್ ಅಕ್ರಿಲೇಟ್ 15, ಮೆಥಾಕ್ರಿಲಿಕ್ ಆಮ್ಲ 2. ಲೋಹಕ್ಕೆ ಚೆನ್ನಾಗಿ ಅಂಟಲಿ ಎಂದು ಆಮ್ಲ ಹಾಕಿದ್ದು. ಬೆಂಜಾಯಿಲ್ ಪೆರಾಕ್ಸೈಡ್ 3 ಭಾಗ, ನೀರಿನ ಅಂಶ ಕಳೆದು ಶುದ್ಧ ಲೆಕ್ಕದಲ್ಲಿ. ಫೀಡ್‌ನ ಕೊನೆಯ ಗಂಟೆಯಲ್ಲಿ ದ್ರಾವಣ ದಪ್ಪಗಾಗುತ್ತಾ ಹೋಗಿ ಸ್ಟಿರರ್ ದಂಡವನ್ನು ಹಿಡಿದು ಮೇಲಕ್ಕೆ ಏರತೊಡಗಿತು. ಹೋಲ್ಡ್ ಅರ್ಧ ಗಂಟೆ ಮುಗಿಯುವಷ್ಟರಲ್ಲಿ ಪೂರ್ತಿ ಜೆಲ್, ಅಂದರೆ ಕರಗದ ಮುದ್ದೆ.

ಎರಡನೇ ಬ್ಯಾಚಿನಲ್ಲಿ ಮೆಥಾಕ್ರಿಲಿಕ್ ಆಮ್ಲ ತೆಗೆದು ಮೀಥೈಲ್ ಮೆಥಾಕ್ರಿಲೇಟ್ 37ಕ್ಕೆ ಏರಿಸಿದೆವು, ಉಳಿದದ್ದೆಲ್ಲ ಅದೇ. ರೆಸಿನ್ ತಿಳಿಯಾಗಿ, ಹರಿಯುವಂತೆ ಬಂತು. ಆದರೆ ಎಪಾಕ್ಸಿ ಸಮತೂಕ (ಒಂದು ಮೋಲ್ ಎಪಾಕ್ಸಿ ಇರುವ ರೆಸಿನ್‌ನ ಗ್ರಾಂ ತೂಕ) ಲೆಕ್ಕದ ಪ್ರಕಾರ 508 ಇರಬೇಕಿತ್ತು, ಟೈಟ್ರೇಷನ್‌ನಲ್ಲಿ ಘನಾಂಶದ ಮೇಲೆ 545 ಬರುತ್ತಿದೆ. ಶೇ 7ರಷ್ಟು ಎಪಾಕ್ಸಿ ಎಲ್ಲಿಗೆ ಹೋಯಿತು?

ಇನ್ನೊಂದು ಪ್ರಶ್ನೆ: ಜಿಎಂಎ ಬಾಟಲಿಯ ಮೇಲೆ ಶುದ್ಧತೆ ಶೇ 97, ಇನ್‌ಹಿಬಿಟರ್ (ಬಾಟಲಿಯಲ್ಲೇ ಪಾಲಿಮರ್ ಆಗದಂತೆ ತಡೆಯುವ ವಸ್ತು) ಎಂಇಎಚ್‌ಕ್ಯೂ 100 ಪಿಪಿಎಂ ಎಂದಿದೆ. ಸ್ಟೈರೀನ್‌ಗೆ ಮಾಡುವ ಹಾಗೆ ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆದು ಇನ್‌ಹಿಬಿಟರ್ ತೆಗೆಯಬೇಕೆ?

ಮೋಲ್‌ಲೆಕ್ಕ:

ಮೊದಲ ಬ್ಯಾಚ್ ಜೆಲ್ ಆಗಲು ಆ 2 ಭಾಗ ಮೆಥಾಕ್ರಿಲಿಕ್ ಆಮ್ಲವೇ ಸಾಕು, ಬೇರೆ ಕಾರಣ ಹುಡುಕಬೇಕಿಲ್ಲ. ಜಿಎಂಎ ಅಣುವಿನ ಒಂದು ತುದಿಯಲ್ಲಿ ಮೆಥಾಕ್ರಿಲೇಟ್‌ನ ದ್ವಿಬಂಧ, ಇನ್ನೊಂದು ತುದಿಯಲ್ಲಿ ಎಪಾಕ್ಸಿ ಉಂಗುರ. ರ‍್ಯಾಡಿಕಲ್ ಪಾಲಿಮರೀಕರಣ ನಡೆಯುವುದು ದ್ವಿಬಂಧದಲ್ಲಿ ಮಾತ್ರ. ಎಪಾಕ್ಸಿ ಮುಚ್ಚಿಕೊಂಡೇ ಇದ್ದು ಮುಂದೆ ಒಲೆಯಲ್ಲಿ ತೆರೆಯಬೇಕು. ಅದೇ ಪಾತ್ರೆಯಲ್ಲಿ ಕಾರ್ಬಾಕ್ಸಿಲಿಕ್ ಆಮ್ಲ ಇದ್ದರೆ 125 ಡಿಗ್ರಿಯಲ್ಲಿ ಕೆಟಲಿಸ್ಟ್ ಇಲ್ಲದೆಯೂ ಉಂಗುರ ನಿಧಾನವಾಗಿ ತೆರೆಯುತ್ತದೆ.

ಲೆಕ್ಕ ಹಾಕಿ ನೋಡಿ. 100 ಗ್ರಾಂ ರೆಸಿನ್‌ಗೆ ಮೆಥಾಕ್ರಿಲಿಕ್ ಆಮ್ಲ 2 ಗ್ರಾಂ, ಅಣುತೂಕ 86.09, ಹಾಗಾಗಿ 0.0232 ಮೋಲ್. ಜಿಎಂಎ 28 ಗ್ರಾಂ, ಅಣುತೂಕ 142.15, ಹಾಗಾಗಿ 0.197 ಮೋಲ್. ಒಂದೊಂದು ಆಮ್ಲದ ಸುತ್ತ ಎಂಟಕ್ಕೂ ಹೆಚ್ಚು ಎಪಾಕ್ಸಿ ಕಾದು ನಿಂತಿವೆ. ಒಂದು ಸರಪಳಿಯ ಆಮ್ಲ ಇನ್ನೊಂದು ಸರಪಳಿಯ ಎಪಾಕ್ಸಿಯನ್ನು ಹಿಡಿದರೆ ಅಲ್ಲೊಂದು ಅಡ್ಡಬಂಧ.

ಜೆಲ್ ಬಿಂದುವಿನ ಹಳೆಯ ನಿಯಮ ನಿಮಗೆ ಗೊತ್ತಿರುತ್ತದೆ: ತೂಕ-ಸರಾಸರಿ ಸರಪಳಿ ಒಂದಕ್ಕೆ ಅಡ್ಡಬಂಧಕ್ಕೆ ಸಿಕ್ಕಿದ ಒಂದು ಘಟಕ ಬಂದರೆ ಜಾಲ ಶುರು. ಪ್ರತಿ ಅಡ್ಡಬಂಧಕ್ಕೂ ಎರಡು ಘಟಕ ಬೇಕಾದ್ದರಿಂದ ಸರಪಳಿಗೆ ಅರ್ಧ ಅಡ್ಡಬಂಧ ಸಾಕು. ತೂಕ-ಸರಾಸರಿ ಅಣುತೂಕ 10,000 ಎಂದಿಟ್ಟುಕೊಂಡರೆ 100 ಗ್ರಾಂಗೆ 0.005 ಮೋಲ್ ಅಡ್ಡಬಂಧ. ನಿಮ್ಮ ಆಮ್ಲದಲ್ಲಿ ಸುಮಾರು ಶೇ 22 ಮಾತ್ರ ಹೀಗೆ ಕೈ ಸೇರಿಸಿದರೂ ಜೆಲ್ ಖಚಿತ. ಅಣುತೂಕ ಇನ್ನೂ ಹೆಚ್ಚಿದ್ದರೆ ಅಷ್ಟೂ ಬೇಡ. ಇದರ ಮೇಲೆ ಇನ್ನೊಂದು ಕಾಟ: ಸರಪಳಿ ಸೇರುವ ಮೊದಲೇ ಮೆಥಾಕ್ರಿಲಿಕ್ ಆಮ್ಲವೂ ಜಿಎಂಎಯೂ ಪರಸ್ಪರ ಕೂಡಿದರೆ ಹುಟ್ಟುವುದು ಗ್ಲಿಸರಾಲ್ ಡೈಮೆಥಾಕ್ರಿಲೇಟ್. ಎರಡು ದ್ವಿಬಂಧ ಇರುವ ಅದು ನೇರವಾಗಿ ಕ್ರಾಸ್‌ಲಿಂಕರ್.

ದಂಡ ಹಿಡಿದು ಮೇಲೇರುವುದು ಕೊನೆಯ ಎಚ್ಚರಿಕೆ. ಆಗ ಫೀಡ್ ನಿಲ್ಲಿಸಿ, ಬಿಸಿ ತೆಗೆದು, ತಣ್ಣನೆಯ ದ್ರಾವಕ ಸುರಿದರೆ ಕೆಲವೊಮ್ಮೆ ಫ್ಲಾಸ್ಕ್ ಉಳಿಯುತ್ತದೆ, ರೆಸಿನ್ ಉಳಿಯುವುದಿಲ್ಲ.

ಆಮ್ಲ ಬೇಕೇ ಬೇಕು ಎಂದರೆ ಅದನ್ನು ಬೇರೆಯದೇ ಪಾಲಿಮರ್‌ನಲ್ಲಿಟ್ಟು, ಬಳಸುವ ಹೊತ್ತಿಗೆ ಜಿಎಂಎ ರೆಸಿನ್ ಜೊತೆ ಬೆರೆಸಬೇಕು. ಅಂಟಿಕೊಳ್ಳುವ ಗುಣದ ಮಟ್ಟಿಗೆ ಹೇಳುವುದಾದರೆ, ಕ್ಯೂರ್ ಆಗುವಾಗ (ಒಲೆಯಲ್ಲಿ ಅಡ್ಡಬಂಧವಾಗಿ ಗಟ್ಟಿಯಾಗುವಾಗ) ಎಪಾಕ್ಸಿ ತೆರೆದು ಹೈಡ್ರಾಕ್ಸಿಲ್ ಗುಂಪುಗಳು ತಾವಾಗಿಯೇ ಬರುತ್ತವೆ. ಪೌಡರ್ ಕ್ಲಿಯರ್‌ಗೆ ಆಮ್ಲ ಮಾನೋಮರ್‌ನ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಡೈಮೀಥೈಲ್ ಅಮೈನೋಈಥೈಲ್ ಮೆಥಾಕ್ರಿಲೇಟ್‌ನಂಥ ಅಮೀನ್ ಮಾನೋಮರ್‌ಗಳನ್ನೂ ಜಿಎಂಎ ಹತ್ತಿರ ತರಬೇಡಿ.

ನೀಲಿಹಸಿರು:

ಎರಡನೇ ಬ್ಯಾಚಿನ ಶೇ 7 ಎಲ್ಲಿಗೂ ಹೋಗಿಲ್ಲ. ಬಹುಪಾಲು ನಿಮ್ಮ 508ರಲ್ಲೇ ಇದೆ.

142.15 ಅನ್ನು 0.28ರಿಂದ ಭಾಗಿಸಿದಾಗ 508 ಬರುವುದು ಜಿಎಂಎ ಶೇ 100 ಶುದ್ಧವಾಗಿದ್ದು, ರೆಸಿನ್‌ನಲ್ಲಿ ಮಾನೋಮರ್ ಬಿಟ್ಟು ಬೇರೇನೂ ಇಲ್ಲದಿದ್ದಾಗ. ನಿಮ್ಮ ಬಾಟಲಿ ಶೇ 97. ಅಂದರೆ ನಿಜವಾದ ಜಿಎಂಎ 27.16 ಭಾಗ, 0.191 ಮೋಲ್. ಇಷ್ಟಕ್ಕೇ ಸಮತೂಕ 523ಕ್ಕೆ ಏರಿತು. ಇನ್ನು 3 ಭಾಗ ಬೆಂಜಾಯಿಲ್ ಪೆರಾಕ್ಸೈಡ್‌ನ ಬೆಂಜಾಯ್ಲಾಕ್ಸಿ, ಫೀನೈಲ್ ತುಣುಕುಗಳು ಸರಪಳಿಯ ತುದಿಯಲ್ಲಿ ಉಳಿಯುತ್ತವೆ. ಸ್ವಲ್ಪ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಪೂರ್ತಿ ಉಳಿಯಿತು ಎಂದುಕೊಂಡರೆ ಘನಾಂಶ 103 ಭಾಗ, ಸಮತೂಕ 539. ವಾಸ್ತವ ಈ ಎರಡು ಅಂಕಿಗಳ ನಡುವೆ, 539ರ ಕಡೆಗೆ ವಾಲಿಕೊಂಡು ಇರುತ್ತದೆ. ಅಳತೆ 545. ಉಳಿದ ಶೇ 1-2ರಲ್ಲಿ ಟೈಟ್ರೇಷನ್ ದೋಷವೂ ಇದೆ, ಬೆಂಜೋಯಿಕ್ ಆಮ್ಲ ನುಂಗಿದ ಸ್ವಲ್ಪ ಎಪಾಕ್ಸಿಯೂ ಇದೆ. ಬೆಂಜಾಯ್ಲಾಕ್ಸಿ ರ‍್ಯಾಡಿಕಲ್ ದ್ರಾವಕದಿಂದಲೋ ಸರಪಳಿಯಿಂದಲೋ ಹೈಡ್ರೋಜನ್ ಕಿತ್ತುಕೊಂಡರೆ ಬೆಂಜೋಯಿಕ್ ಆಮ್ಲವಾಗುತ್ತದೆ. ಅದಕ್ಕೆ ಒಂದೇ ಕೈ ಇರುವುದರಿಂದ ಜೆಲ್ ಮಾಡುವುದಿಲ್ಲ, ಎಪಾಕ್ಸಿಯನ್ನು ಮಾತ್ರ ತಿನ್ನುತ್ತದೆ.

ಲೇಬಲ್‌ನ ಶೇ 97 ಅನ್ನೂ ನಂಬಬೇಡಿ. ರೆಸಿನ್‌ಗೆ ಬಳಸುವ ಅದೇ ಟೈಟ್ರೇಷನ್ ಅನ್ನು ಮಾನೋಮರ್ ಮೇಲೂ ಮಾಡಿ. 142.15 ಬಂದರೆ ಪೂರ್ತಿ ಶುದ್ಧ, 146.5 ಬಂದರೆ ಶೇ 97. ಬ್ಯಾಚ್ ಶುರು ಮಾಡುವ ಮುನ್ನ ಇದೊಂದು ಅಂಕಿ ಕೈಯಲ್ಲಿದ್ದರೆ ಕೊನೆಯಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಟೈಟ್ರೇಷನ್ ಮಾಡುವ ಬಗೆ: 60 ಶೇಕಡ ದ್ರಾವಣ ಸುಮಾರು 1.1 ಗ್ರಾಂ, ನಾಲ್ಕನೇ ದಶಮಾಂಶದವರೆಗೆ ತೂಗಿ, ಮೀಥೈಲೀನ್ ಕ್ಲೋರೈಡ್‌ನಲ್ಲಿ ಕರಗಿಸಿ. ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ಕರಗಿಸಿದ ಟೆಟ್ರಾಈಥೈಲ್ ಅಮೋನಿಯಂ ಬ್ರೋಮೈಡ್ 10 ಮಿಲೀ ಹಾಕಿ, ಕ್ರಿಸ್ಟಲ್ ವಯಲೆಟ್ ಎರಡು-ಮೂರು ಹನಿ. ಅಸಿಟಿಕ್ ಆಮ್ಲದಲ್ಲಿರುವ 0.1 ನಾರ್ಮಲ್ ಪರ್ಕ್ಲೋರಿಕ್ ಆಮ್ಲ ಬಿಡುತ್ತಾ ಬನ್ನಿ. ಹುಟ್ಟುವ ಹೈಡ್ರೋಜನ್ ಬ್ರೋಮೈಡ್ ಆಗಿಂದಾಗಲೇ ಎಪಾಕ್ಸಿಯನ್ನು ತೆರೆಯುತ್ತದೆ. ನೀಲಿ ಹೋಗಿ ಹಸಿರು ನಿಂತರೆ ಮುಗಿಯಿತು. ಹಸಿರಿನಿಂದ ಹಳದಿಗೆ ಹೋದರೆ ದಾಟಿಹೋಗಿದ್ದೀರಿ. ಈ ತೂಕಕ್ಕೆ ಬ್ಯುರೆಟ್ 12 ಮಿಲೀ ಆಸುಪಾಸು ಓದಬೇಕು. ಮಾನೋಮರ್ ಆದರೆ 0.17 ಗ್ರಾಂ ಸಾಕು. ಬ್ಲ್ಯಾಂಕ್ (ಮಾದರಿ ಹಾಕದೆ ಮಾಡುವ ಟೈಟ್ರೇಷನ್) ತಪ್ಪಿಸಬೇಡಿ. ಪರ್ಕ್ಲೋರಿಕ್ ಆಮ್ಲದ ಬಲವನ್ನು ಪೊಟ್ಯಾಸಿಯಂ ಹೈಡ್ರೋಜನ್ ಥಾಲೇಟ್‌ನಿಂದ ನಿರ್ಧರಿಸಿ; 0.2042 ಗ್ರಾಂಗೆ 0.1 ನಾರ್ಮಲ್ ದ್ರಾವಣ 10 ಮಿಲೀ ಬೇಕು.

ಇಲ್ಲಿ ಅಂಕಿ ಕೆಡುವ ಜಾಗಗಳು ಹಲವು. ಅಸಿಟಿಕ್ ಆಮ್ಲ ಒಂದು ಡಿಗ್ರಿಗೆ ಶೇ 0.1ರಷ್ಟು ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ಬಲ ನಿರ್ಧರಿಸಿ, ಐದು ಡಿಗ್ರಿ ಬಿಸಿಯಾದ ಮೇಲೆ ರೆಸಿನ್ ಟೈಟ್ರೇಟ್ ಮಾಡಿದರೆ ಅಲ್ಲೇ ಶೇ 0.5 ವ್ಯತ್ಯಾಸ. ರೆಸಿನ್‌ನಲ್ಲಿ ಅಮೀನ್ ಉಳಿದಿದ್ದರೆ ಅದೂ ಪರ್ಕ್ಲೋರಿಕ್ ಕುಡಿದು ಎಪಾಕ್ಸಿಯಂತೆ ಕಾಣಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಘನಾಂಶದ ಪರೀಕ್ಷೆ. ಘನಾಂಶದ ಮೇಲಿನ ಸಮತೂಕ ಅಂದರೆ ದ್ರಾವಣದ ಸಮತೂಕವನ್ನು ಘನಾಂಶದ ಭಿನ್ನರಾಶಿಯಿಂದ ಗುಣಿಸಿದ್ದು. ತಟ್ಟೆಯಲ್ಲಿ ರೆಸಿನ್ ದಪ್ಪಗೆ ಬಿದ್ದು ಮೇಲೆ ಕೆನೆಕಟ್ಟಿದರೆ ದ್ರಾವಕ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಆಗ 60ರ ಬದಲು 61.5 ಬರುತ್ತದೆ, ಸಮತೂಕ ಶೇ 2.5 ಮೇಲೇರುತ್ತದೆ, ಎಪಾಕ್ಸಿ ಕಳೆದುಹೋದಂತೆ ಕಾಣುತ್ತದೆ. 1 ಗ್ರಾಂ ತೂಗಿ, ಎರಡು ಮಿಲೀ ಅಸಿಟೋನ್ ಹಾಕಿ ತಟ್ಟೆಯ ತುಂಬ ತೆಳ್ಳಗೆ ಹರಡಿ, ಆಮೇಲೆ ಒಲೆಗೆ ಇಡಿ. ಪ್ರತಿಕ್ರಿಯಿಸದ ಮಾನೋಮರ್ ಹೆಚ್ಚಿದ್ದರೆ ಉಲ್ಟಾ ಆಗುತ್ತದೆ: ಅದು ಒಲೆಯಲ್ಲಿ ಹಾರಿಹೋಗಿ ಘನಾಂಶ ಇಳಿಯುತ್ತದೆ, ಆದರೆ ಟೈಟ್ರೇಷನ್‌ನಲ್ಲಿ ಉಳಿದ ಜಿಎಂಎ ಎಣಿಕೆಗೆ ಸಿಕ್ಕೇ ಸಿಗುತ್ತದೆ. ಸಮತೂಕ ಚೆನ್ನಾಗಿ ಬಂತೆಂದು ಖುಷಿಪಡುವ ಮೊದಲು ಜಿಸಿಯಲ್ಲಿ (ಗ್ಯಾಸ್ ಕ್ರೊಮಟೋಗ್ರಫಿ) ಉಳಿಕೆ ಮಾನೋಮರ್ ನೋಡಿ.

ಕಪಾಟಿನಕೀಲಿ:

ಇನ್‌ಹಿಬಿಟರ್ ಪ್ರಶ್ನೆಗೆ ಉತ್ತರ: ಕಾಸ್ಟಿಕ್ ಸೋಡಾದಲ್ಲಿ ತೊಳೆಯಬೇಡಿ. ಸ್ಟೈರೀನ್‌ನಲ್ಲಿ ಕ್ಷಾರಕ್ಕೆ ಕೆಡುವ ಗುಂಪು ಯಾವುದೂ ಇಲ್ಲ. ಜಿಎಂಎಯಲ್ಲಿ ಎಸ್ಟರ್ ಇದೆ, ಎಪಾಕ್ಸಿ ಇದೆ; ಎರಡಕ್ಕೂ ಕ್ಷಾರ ಒಗ್ಗುವುದಿಲ್ಲ. ತೊಳೆದ ಮೇಲೆ ಉಳಿಯುವ ತೇವ, ಕ್ಷಾರದ ಕುರುಹು ಕೂಡ ಮುಂದೆ ತೊಂದರೆಯೇ.

ನಿಮ್ಮ ಕೆಲಸಕ್ಕೆ ತೆಗೆಯುವ ಅಗತ್ಯವೂ ಇಲ್ಲ. ಒಂದು ಕಿಲೋದಲ್ಲಿ 100 ಪಿಪಿಎಂ ಎಂದರೆ ಎಂಇಎಚ್‌ಕ್ಯೂ 0.8 ಮಿಲಿಮೋಲ್. ಅದೇ ಒಂದು ಕಿಲೋ ಮಾನೋಮರ್‌ಗೆ ನೀವು ಹಾಕುವ ಪೆರಾಕ್ಸೈಡ್ 124 ಮಿಲಿಮೋಲ್. ಬಿಸಿ ರಿಯಾಕ್ಟರ್‌ನಲ್ಲಿ ನೈಟ್ರೋಜನ್ ಕೆಳಗೆ ಈ ಇನ್‌ಹಿಬಿಟರ್‌ನ ಪ್ರಭಾವ ಅಳತೆಗೂ ಸಿಗುವುದಿಲ್ಲ. ಅಣುತೂಕವನ್ನು ನಿಖರವಾಗಿ ಹಿಡಿಯಬೇಕಾದ ನಿಯಂತ್ರಿತ ರ‍್ಯಾಡಿಕಲ್ ಪ್ರಯೋಗಕ್ಕಾದರೆ ಬೇಸಿಕ್ ಅಲ್ಯೂಮಿನಾದ ಗಿಡ್ಡ ಕಾಲಮ್ ಮೂಲಕ ಬೇಗ ಇಳಿಸಿ, ಅಂದೇ ಬಳಸಿ ಮುಗಿಸಿ. ನಿರ್ವಾತದಲ್ಲಿ ಬಟ್ಟಿ ಇಳಿಸುವವರೂ ಇದ್ದಾರೆ. 10 ಎಂಎಂ ಪಾದರಸ ಒತ್ತಡದಲ್ಲಿ 75 ಡಿಗ್ರಿ ಸುಮಾರಿಗೆ ಬರುತ್ತದೆ. ಆಗ ಕುದಿಯುವ ಪಾತ್ರೆಗೆ ಇನ್ನಷ್ಟು ಇನ್‌ಹಿಬಿಟರ್ ಹಾಕಬೇಕು, ಪೂರ್ತಿ ಒಣಗುವವರೆಗೆ ಎಳೆಯಬಾರದು. ಇನ್‌ಹಿಬಿಟರ್ ತೆಗೆದ ಜಿಎಂಎಯನ್ನು ಬಾಟಲಿಯಲ್ಲಿ ಇಟ್ಟು ನಾಳೆ ನೋಡೋಣ ಎನ್ನುವುದು ಅಪಾಯ.

ಶೇಖರಣೆಯಲ್ಲಿ ಬಹಳಷ್ಟು ಮಂದಿ ತಪ್ಪುವುದು ನೈಟ್ರೋಜನ್ ವಿಷಯದಲ್ಲಿ. ಒಳ್ಳೆಯದಾಗಲಿ ಎಂದು ಬಾಟಲಿಯ ಮೇಲ್ಭಾಗಕ್ಕೆ ನೈಟ್ರೋಜನ್ ತುಂಬಿ ಮುಚ್ಚುತ್ತಾರೆ. ಎಂಇಎಚ್‌ಕ್ಯೂ ಸರಿಯಾಗಿ ಕೆಲಸ ಮಾಡಬೇಕಾದರೆ ಮಾನೋಮರ್‌ನಲ್ಲಿ ಕರಗಿದ ಆಕ್ಸಿಜನ್ ಇರಲೇಬೇಕು. ಗಾಳಿಯ ಜಾಗ ಬಿಟ್ಟು, ತಂಪಾದ ಕತ್ತಲೆಯಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇಡಿ. ಆಮ್ಲ, ಅಮೀನ್, ತುಕ್ಕು, ಪೆರಾಕ್ಸೈಡ್ ಇವುಗಳ ಪಕ್ಕ ಬೇಡ. ಹಳೆಯ ಬಾಟಲಿ ಅನುಮಾನ ಬಂದರೆ ಕೆಲವು ಹನಿಯನ್ನು ಮೆಥನಾಲ್‌ಗೆ ಬಿಡಿ. ಮಾನೋಮರ್ ಕರಗುತ್ತದೆ, ಪಾಲಿಮರ್ ಕರಗುವುದಿಲ್ಲ. ಮಬ್ಬು ಕಂಡರೆ ಒಳಗೆ ಪಾಲಿಮರೀಕರಣ ಆಗಲೇ ಶುರುವಾಗಿದೆ.

ಕೈಗವಸಿನ ಮಾತು ಹೇಳದೆ ಮುಂದೆ ಹೋಗಲಾರೆ. ಹಣ್ಣಿನಂಥ ವಾಸನೆ ಇದೆ ಎಂದು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 2ಎ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಇರುವವುಗಳ ಗುಂಪಿಗೆ ಸೇರಿಸಿದೆ. ಚರ್ಮದ ಮೂಲಕ ಒಳಗೆ ಇಳಿಯುತ್ತದೆ, ಅಲರ್ಜಿ ಹುಟ್ಟಿಸುತ್ತದೆ. ಒಮ್ಮೆ ಅಲರ್ಜಿ ಅಂಟಿಕೊಂಡರೆ ಬೇರೆ ಮೆಥಾಕ್ರಿಲೇಟ್, ಬೇರೆ ಎಪಾಕ್ಸಿಗಳ ಹತ್ತಿರ ಹೋಗುವುದೂ ಕಷ್ಟವಾಗಬಹುದು. ತೆಳು ನೈಟ್ರೈಲ್ ಕೈಗವಸು ಹನಿ ಸಿಡಿತಕ್ಕೆ ಕ್ಷಣಹೊತ್ತಿನ ತಡೆ, ಅಷ್ಟೆ. ಬಿದ್ದ ತಕ್ಷಣ ಬಿಚ್ಚಿ ಎಸೆಯಬೇಕು. ಸುರಿಯುವ, ಫೀಡ್ ತುಂಬುವ ಕೆಲಸಕ್ಕೆ ಬ್ಯುಟೈಲ್ ರಬ್ಬರ್, ಅಥವಾ ಒಳಗೆ ಲ್ಯಾಮಿನೇಟ್ ಕೈಗವಸು. ಎಲ್ಲವೂ ಫ್ಯೂಮ್ ಹುಡ್ ಒಳಗೇ. ಜಿಎಂಎ ತಯಾರಾಗುವುದು ಎಪಿಕ್ಲೋರೋಹೈಡ್ರಿನ್‌ನಿಂದ. ಅದರ ಕುರುಹು ಮಾನೋಮರ್‌ನಲ್ಲಿ ಇರಬಹುದು, ಅದೂ 2ಎ ಗುಂಪಿನದೇ. ಖರೀದಿಸುವಾಗ ವಿಶ್ಲೇಷಣಾ ಪತ್ರದಲ್ಲಿ ಎಪಿಕ್ಲೋರೋಹೈಡ್ರಿನ್, ಕ್ಲೋರಿನ್ ಎರಡರ ಅಂಕಿಯನ್ನೂ ಕೇಳಿ.

ರಾಳಪಾಕ:

ಎಲ್ಲರಿಗೂ ಧನ್ಯವಾದ. ಮೆಥಾಕ್ರಿಲಿಕ್ ಆಮ್ಲ ಕೈಬಿಡುತ್ತೇವೆ, ಮಾನೋಮರ್ ಟೈಟ್ರೇಷನ್‌ಗೆ ಇವತ್ತೇ ವ್ಯವಸ್ಥೆ ಮಾಡುತ್ತೇವೆ. ಇನ್ನೆರಡು ಸಂಗತಿ ತಿಳಿಸಿ. ಬೆಂಜಾಯಿಲ್ ಪೆರಾಕ್ಸೈಡ್ ಬದಲು ಯಾವುದು ಒಳ್ಳೆಯದು? ಈ ಎರಡನೇ ಬ್ಯಾಚಿನ ರೆಸಿನ್ ಪೌಡರ್‌ಗೆ ಹೊಂದುತ್ತದೆಯೇ, ಹೊಂದಿದರೆ ಕ್ಯೂರ್ ಮಾಡುವ ಡೋಡೆಕೇನ್‌ಡೈಯೋಯಿಕ್ ಆಮ್ಲ ಎಷ್ಟು ಹಾಕಬೇಕು? ಇದೇ ರೆಸಿನ್‌ಗೆ ಅಕ್ರಿಲಿಕ್ ಆಮ್ಲ ಸೇರಿಸಿ ಯುವಿ ಕ್ಯೂರ್ ಆಗುವ ರೂಪವನ್ನೂ ಮಾಡಿ ನೋಡುವ ಆಲೋಚನೆ ಇದೆ.

ಮೋಲ್‌ಲೆಕ್ಕ:

ಇನಿಷಿಯೇಟರ್: ಬೆಂಜಾಯಿಲ್ ಪೆರಾಕ್ಸೈಡ್‌ನ ಒಂದು ಗಂಟೆ ಅರ್ಧಾಯುಷ್ಯ (ಗಂಟೆಯಲ್ಲಿ ಅರ್ಧ ಒಡೆಯುವ ತಾಪ) 92 ಡಿಗ್ರಿ ಸುಮಾರಿಗೆ. 125ರಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಟರ್ಷರಿ ಬ್ಯುಟೈಲ್ ಪೆರಾಕ್ಸಿ-2-ಈಥೈಲ್‌ಹೆಕ್ಸನೋಯೇಟ್‌ನ ವೇಗವೂ ಹತ್ತಿರ ಹತ್ತಿರ ಅಷ್ಟೇ, ಆದರೆ ಎರಡು ಲಾಭ ಇವೆ. ಅದು ದ್ರವ, ದ್ರಾವಕದಲ್ಲಿ ಸಲೀಸಾಗಿ ಬೆರೆಯುತ್ತದೆ. ಅದರ ಆಮ್ಲದ ಕಡೆಯ ರ‍್ಯಾಡಿಕಲ್ ತಕ್ಷಣ ಇಂಗಾಲದ ಡೈಆಕ್ಸೈಡ್ ಕಳೆದುಕೊಳ್ಳುವುದರಿಂದ ಎಪಾಕ್ಸಿ ತಿನ್ನುವ ಆಮ್ಲ ಹೆಚ್ಚು ಉಳಿಯುವುದಿಲ್ಲ. ಪರ್‌ಬೆಂಜೋಯೇಟ್ ಬೇಡ, ಅಲ್ಲೂ ಬೆಂಜೋಯಿಕ್ ಆಮ್ಲದ ಕಥೆಯೇ. ಆಮ್ಲದ ಗೊಡವೆಯೇ ಬೇಡವೆಂದರೆ ಅಜೋ ಇನಿಷಿಯೇಟರ್ ಇದೆ, ಅಥವಾ ಕ್ಸೈಲೀನ್‌ನಲ್ಲಿ 140 ಡಿಗ್ರಿಗೆ ಹೋಗಿ ಡೈ-ಟರ್ಷರಿ-ಅಮೈಲ್ ಪೆರಾಕ್ಸೈಡ್ ಬಳಸಬಹುದು. ಎರಡನೆಯದು ಬೆಂಜಾಯಿಲ್ ಪೆರಾಕ್ಸೈಡ್‌ಗಿಂತ ನಿಧಾನವಾಗಿ ಒಡೆಯುವುದರಿಂದ ಹೋಲ್ಡ್ ಉದ್ದ ಬೇಕು.

ಇನಿಷಿಯೇಟರನ್ನು ಮಾನೋಮರ್ ಜೊತೆ ಬೆರೆಸುವುದನ್ನು ಬಿಡಿ. ಬ್ಯುಟೈಲ್ ಅಸಿಟೇಟ್‌ನಲ್ಲಿ ಕರಗಿಸಿ ಬೇರೆ ಫೀಡ್ ಕೊಡಿ, ಮಾನೋಮರ್ ಫೀಡ್ ಮುಗಿದ ಮೇಲೂ 20-30 ನಿಮಿಷ ಮುಂದುವರಿಸಿ. ಫೀಡ್ ಬಾಟಲಿಯಲ್ಲಿ ಪೆರಾಕ್ಸೈಡ್ ಬೆರೆತ ಮಾನೋಮರ್ ಬಿಸಿ ಫ್ಲಾಸ್ಕ್‌ನ ಪಕ್ಕದಲ್ಲಿ ಮೂರು ಗಂಟೆ ನೇತಾಡುವುದು ಸುರಕ್ಷಿತವೂ ಅಲ್ಲ.

ಫೀಡ್ ವೇಗಕ್ಕೆ ಒಂದು ಕಾರಣ ಇದೆ. ಜಿಎಂಎ, ಮೀಥೈಲ್ ಮೆಥಾಕ್ರಿಲೇಟ್‌ಗಳು ಬ್ಯುಟೈಲ್ ಅಕ್ರಿಲೇಟ್‌ಗಿಂತ ಬೇಗ ಸರಪಳಿ ಸೇರುತ್ತವೆ. ಎಲ್ಲವನ್ನೂ ಒಮ್ಮೆಗೇ ಹಾಕಿದರೆ ಮೊದಲ ಸರಪಳಿಗಳಲ್ಲಿ ಎಪಾಕ್ಸಿ ತುಂಬಿ, ಕೊನೆಯವುಗಳಲ್ಲಿ ಬರಿದಾಗುತ್ತದೆ. ರಿಯಾಕ್ಟರ್‌ನಲ್ಲಿ ಮಾನೋಮರ್ ಕೂಡಿಬೀಳದಷ್ಟು ನಿಧಾನವಾಗಿ ಕೊಟ್ಟರೆ ಫೀಡ್‌ನ ಅನುಪಾತವೇ ಸರಪಳಿಯ ಅನುಪಾತ. 3 ಗಂಟೆ ಸಾಕಾಗುತ್ತದೆ, 4 ಆದರೆ ಇನ್ನೂ ವಾಸಿ. ಹೋಲ್ಡ್‌ನಲ್ಲಿ 0.2 ಭಾಗದಂತೆ ಎರಡು ಸಲ, ಅರ್ಧ ಗಂಟೆ ಅಂತರದಲ್ಲಿ ಇನಿಷಿಯೇಟರ್ ಕೊಡಿ, ಉಳಿಕೆ ಮಾನೋಮರ್ ಇಳಿಯುತ್ತದೆ. ಅಣುತೂಕ ಇಳಿಸಲು ಮರ್ಕ್ಯಾಪ್ಟಾನ್ (ಥಯೋಲ್) ಹಾಕುವ ಮನಸ್ಸಾದರೆ ತುಸುವೇ ಹಾಕಿ, ಹತ್ತಿರ ಅಮೀನ್ ಸುಳಿಯದಂತೆ ನೋಡಿಕೊಳ್ಳಿ. ಕ್ಷಾರ ಇದ್ದರೆ ಥಯೋಲ್ ಎಪಾಕ್ಸಿಯನ್ನೇ ಹಿಡಿಯುತ್ತದೆ.

ಪುಡಿಪದರ:

ಎರಡನೇ ಬ್ಯಾಚ್ ಕೋಟಿಂಗ್ ಆಗಿ ಚೆನ್ನಾಗಿರುತ್ತದೆ, ಪುಡಿಯಾಗಿ ನಿಲ್ಲುವುದಿಲ್ಲ. ಕಾರಣ ಬ್ಯುಟೈಲ್ ಅಕ್ರಿಲೇಟ್ 15.

ಪಾಲಿಮರ್ ಗಾಜಿನಂಥ ಗಟ್ಟಿ ಸ್ಥಿತಿಯಿಂದ ಮೆತ್ತಗಾಗುವ ತಾಪವೇ ಟಿಜಿ; ಅದನ್ನು ಮಿಶ್ರಣಕ್ಕೆ ಅಂದಾಜು ಮಾಡುವ ಫಾಕ್ಸ್ ಸೂತ್ರದಲ್ಲಿ ಸ್ಟೈರೀನ್‌ಗೆ 100 ಡಿಗ್ರಿ, ಮೀಥೈಲ್ ಮೆಥಾಕ್ರಿಲೇಟ್‌ಗೆ 105, ಬ್ಯುಟೈಲ್ ಅಕ್ರಿಲೇಟ್‌ಗೆ ಸೊನ್ನೆಯ ಕೆಳಗೆ 54 ಹಾಕಿ. ಜಿಎಂಎಯ ಟಿಜಿಗೆ ಕೈಪಿಡಿಗಳಲ್ಲಿ 46ರಿಂದ 75ರವರೆಗೂ ಅಂಕಿಗಳಿವೆ. ಕಡಿಮೆಯದನ್ನೇ ಹಿಡಿದರೆ ಸುರಕ್ಷಿತ. ನಿಮ್ಮ ಮಿಶ್ರಣಕ್ಕೆ 52 ಡಿಗ್ರಿ ಬರುತ್ತದೆ. ಈ ಸೂತ್ರ ಉದ್ದ ಸರಪಳಿಗೆ ಮಾಡಿದ್ದು. ಪೌಡರ್ ಚೆನ್ನಾಗಿ ಹರಿಯಲು ಸರಪಳಿ ಗಿಡ್ಡ ಇರಬೇಕು, ಗಿಡ್ಡ ಸರಪಳಿಗೆ ಟಿಜಿ ಇನ್ನೂ ಇಳಿಯುತ್ತದೆ. ದ್ರಾವಕ ಶೇ 1 ಉಳಿದರೂ ಮತ್ತೆ ಕೆಲವು ಡಿಗ್ರಿ ಹೋಯಿತು. ಅಂಥ ಪುಡಿ ಡಬ್ಬಿಯಲ್ಲೇ ಗಡ್ಡೆ ಕಟ್ಟುತ್ತದೆ. ಬ್ಯುಟೈಲ್ ಅಕ್ರಿಲೇಟ್ 5ಕ್ಕೆ ಇಳಿಸಿ, ಮೀಥೈಲ್ ಮೆಥಾಕ್ರಿಲೇಟ್ 47 ಮಾಡಿ. ಅದೇ ಸೂತ್ರದಲ್ಲಿ 73 ಬರುತ್ತದೆ, ಇಳಿದು ಇಳಿದು 55-60ರಲ್ಲಿ ನಿಂತರೂ ಪುಡಿ ಬಿಡಿಬಿಡಿಯಾಗಿರುತ್ತದೆ. ಫಿಲ್ಮ್ ಒರಟಾಯಿತು ಅನ್ನಿಸಿದರೆ ಸ್ವಲ್ಪ ಮೀಥೈಲ್ ಮೆಥಾಕ್ರಿಲೇಟ್ ತೆಗೆದು ಎನ್-ಬ್ಯುಟೈಲ್ ಮೆಥಾಕ್ರಿಲೇಟ್ ಹಾಕಿ. ಕೊನೆಯ ಮಾತು ಡಿಎಸ್‌ಸಿಯದು (ಟಿಜಿ ಅಳೆಯುವ ಉಪಕರಣ). ದ್ರಾವಕ ಪೂರ್ತಿ ತೆಗೆದ ಮಾದರಿಯ ಮೇಲೇ ಅಳೆಯಿರಿ.

ದ್ರಾವಕ ತೆಗೆಯುವಾಗ ಆತುರ ಬೇಡ. ಮೊದಲು ಸಾಧಾರಣ ಒತ್ತಡದಲ್ಲಿ ಬಹುಪಾಲು ಬಟ್ಟಿ ಇಳಿಸಿ, ಆಮೇಲೆ ನಿರ್ವಾತವನ್ನು ಹಂತ ಹಂತವಾಗಿ ಏರಿಸಿ. ಒಮ್ಮೆಗೇ ಎಳೆದರೆ ನೊರೆ ಉಕ್ಕಿ ಕಂಡೆನ್ಸರ್‌ಗೆ ನುಗ್ಗುತ್ತದೆ. ರೆಸಿನ್ 150-160 ಡಿಗ್ರಿಯಲ್ಲಿ ಕಲಕುವಷ್ಟು ಹರಿಯುತ್ತಿರಬೇಕು. ಜಿಎಂಎ ಕುದಿಯುವುದು 189 ಡಿಗ್ರಿಯಲ್ಲಿ, ಅದಕ್ಕೇ ಉಳಿಕೆ ಮಾನೋಮರ್ ದ್ರಾವಕದಷ್ಟು ಸುಲಭವಾಗಿ ಹೊರಡುವುದಿಲ್ಲ. ಕೆಳಗಿನಿಂದ ಸಣ್ಣಗೆ ನೈಟ್ರೋಜನ್ ಗುಳ್ಳೆ ಬಿಟ್ಟರೆ ಹೊರಡಲು ಸಹಾಯ. ಮುಗಿದ ಕೂಡಲೇ ಟ್ರೇಗೆ ಸುರಿದು ತಣಿಸಿ.

ಡೋಡೆಕೇನ್‌ಡೈಯೋಯಿಕ್ ಆಮ್ಲದ ಅಣುತೂಕ 230.3, ಎರಡು ಆಮ್ಲ ಗುಂಪು, ಸಮತೂಕ 115. ರೆಸಿನ್ ಸಮತೂಕ 545 ಆದರೆ 100 ಭಾಗ ರೆಸಿನ್‌ಗೆ ಸರಿಸಮ ಲೆಕ್ಕದಲ್ಲಿ 21.1 ಭಾಗ. ಇಲ್ಲಿ ಅಳೆದ 545ನ್ನೇ ಹಾಕಿ, ಕಾಗದದ 508 ಬೇಡ. 0.8, 0.9, 1.0 ಅನುಪಾತಗಳಲ್ಲಿ ಪಟ್ಟಿ ಬಳಿದು, ಎಂಇಕೆ ದ್ರಾವಕದಿಂದ ಉಜ್ಜಿ, ಬಗ್ಗಿಸಿ ನೋಡಿ ತೀರ್ಮಾನಿಸಿ.

ಈ ಆಮ್ಲ ಕರಗುವುದು 128 ಡಿಗ್ರಿ ಹತ್ತಿರ. ಎಕ್ಸ್‌ಟ್ರೂಡರ್‌ನಲ್ಲಿ ಕರಗಿದ ರೆಸಿನ್ 90-110ರಲ್ಲಿರುತ್ತದೆ, ಅಷ್ಟರಲ್ಲಿ ಆಮ್ಲದ ಹರಳು ಪೂರ್ತಿ ಕರಗುವುದಿಲ್ಲ. ಕರಗಲಿ ಎಂದು ಬಿಸಿ ಏರಿಸಿದರೆ ಎಕ್ಸ್‌ಟ್ರೂಡರ್ ಒಳಗೇ ಕ್ಯೂರ್ ಶುರುವಾಗುತ್ತದೆ. ಹಾಗಾಗಿ ಆಮ್ಲವನ್ನು ಮೊದಲೇ ನಯವಾಗಿ ಅರೆದಿರಬೇಕು. ದಪ್ಪ ಹರಳು ಉಳಿದರೆ ಕ್ಲಿಯರ್‌ನಲ್ಲಿ ಸಣ್ಣ ಸಣ್ಣ ಕಣ್ಣುಗಳಾಗಿ ಕಾಣುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಗಾಳಿ ಹೋಗಲು ಬೆಂಜಾಯಿನ್ ಶೇ 0.3-0.5, ಹೆಚ್ಚು ಹಾಕಿದರೆ ಹಳದಿ ಬರುತ್ತದೆ. ಬೇಕಿಂಗ್ 140-150 ಡಿಗ್ರಿಯಲ್ಲಿ 30 ನಿಮಿಷದಿಂದ ಶುರು ಮಾಡಿ.

ಪೌಡರ್ ಬೂತ್ ಇಟ್ಟುಕೊಂಡವರಿಗೆ ಒಂದು ಮಾತು: ಜಿಎಂಎ ಅಕ್ರಿಲಿಕ್ ಪುಡಿಯೂ ಪಾಲಿಯೆಸ್ಟರ್ ಪುಡಿಯೂ ಒಂದೇ ಗನ್, ಒಂದೇ ಹಾಪರ್, ಒಂದೇ ಅರೆಯುವ ಯಂತ್ರ ಹಂಚಿಕೊಳ್ಳಬಾರದು. ಅಕ್ರಿಲಿಕ್ ಧೂಳು ಕಣ್ಣಿಗೆ ಕಾಣದಷ್ಟು ಸೇರಿದರೂ ಪಾಲಿಯೆಸ್ಟರ್ ಫಿಲ್ಮ್‌ನಲ್ಲಿ ಕುಳಿ ಕುಳಿ ಬೀಳುತ್ತದೆ. ಕುಳಿಗೆ ಎಣ್ಣೆ ಕಾರಣವೆಂದು ಲೋಹ ತೊಳೆಯುವ ತೊಟ್ಟಿಯನ್ನು ಹುಡುಕುತ್ತಾ ಕೂರುವವರು ಇದನ್ನು ಮೊದಲು ನೋಡಬೇಕು.

ಕಪಾಟಿನಕೀಲಿ:

ಯುವಿ ರೂಪಕ್ಕೆ ರಸಾಯನ ಸರಳ, ಅನಿಲದ ವಿಷಯದಲ್ಲಿ ಎಚ್ಚರ ಬೇಕು.

545 ಸಮತೂಕದ ರೆಸಿನ್ 100 ಗ್ರಾಂ ಘನಾಂಶದಲ್ಲಿ 0.1835 ಎಪಾಕ್ಸಿ. ಅದರ ಶೇ 95ಕ್ಕೆ ಅಕ್ರಿಲಿಕ್ ಆಮ್ಲ 12.6 ಗ್ರಾಂ. ಆಮ್ಲ ತುಸು ಕಡಿಮೆ ಇದ್ದರೆ ಕೊನೆಯಲ್ಲಿ ಬಿಡಿ ಆಮ್ಲ ಉಳಿದು ಗಬ್ಬು ವಾಸನೆ ಬರುವುದಿಲ್ಲ. ಕೆಟಲಿಸ್ಟ್ ಟ್ರೈಫೀನೈಲ್ ಫಾಸ್ಫೀನ್ ಒಟ್ಟು ಘನಾಂಶದ ಶೇ 0.3-0.5, ಎಂಇಎಚ್‌ಕ್ಯೂ ಶೇ 0.1-0.2. ತಾಪ 100-105 ಡಿಗ್ರಿ, 110 ದಾಟಬಾರದು. ಶುರುವಿನ ಆಮ್ಲ ಸಂಖ್ಯೆ (ಪ್ರತಿಕ್ರಿಯಿಸದೆ ಉಳಿದ ಆಮ್ಲದ ಅಳತೆ) ಘನಾಂಶದ ಮೇಲೆ 87ರ ಹತ್ತಿರ ಇರುತ್ತದೆ. ಗಂಟೆಗೊಮ್ಮೆ ನೋಡುತ್ತಾ 5ರ ಕೆಳಗೆ ಬಂದಾಗ ನಿಲ್ಲಿಸಿ.

ಈಗ ಅನಿಲ. ಮೊದಲ ಹಂತ ನಡೆದದ್ದು ನೈಟ್ರೋಜನ್ ಕೆಳಗೆ. ಅಕ್ರಿಲಿಕ್ ಆಮ್ಲ ಹಾಕುವ ಮೊದಲು ಅದನ್ನು ಬದಲಿಸಲೇಬೇಕು. ಸಂಖ್ಯಾ-ಸರಾಸರಿ ಅಣುತೂಕ 4,000 ಇರುವ ಸರಪಳಿಗೆ ಸುಮಾರು ಏಳು ಅಕ್ರಿಲೇಟ್ ಸೇರುತ್ತವೆ. ಆಕ್ಸಿಜನ್ ಇಲ್ಲದೆ ಎಂಇಎಚ್‌ಕ್ಯೂ ಅಷ್ಟನ್ನು ಕಾಯಲಾರದು, ಫ್ಲಾಸ್ಕ್ ಮತ್ತೆ ಜೆಲ್. ಹಾಗೆಂದು ಬಿಸಿ ಬ್ಯುಟೈಲ್ ಅಸಿಟೇಟ್ ಒಳಗೆ ಬರೀ ಗಾಳಿ ಊದಬೇಡಿ. ಅದರ ಫ್ಲಾಶ್ ಪಾಯಿಂಟ್ 22 ಡಿಗ್ರಿ. 100 ಡಿಗ್ರಿಯ ಫ್ಲಾಸ್ಕ್‌ನಲ್ಲಿ ಆವಿಯ ಜೊತೆ ಗಾಳಿ ಸೇರಿದರೆ ಒಂದು ಕಿಡಿ ಸಾಕು. ನೈಟ್ರೋಜನ್‌ನಲ್ಲಿ ಆಕ್ಸಿಜನ್ ಶೇ 5ರಿಂದ 8 ಇರುವ ಮಿಶ್ರಣವನ್ನು ದ್ರವದೊಳಗೆ ಸಣ್ಣ ಗುಳ್ಳೆಯಾಗಿ ಬಿಡಿ.

ಇದಕ್ಕೂ ಮುಂಚೆ ಪೆರಾಕ್ಸೈಡ್ ಪೂರ್ತಿ ಸತ್ತಿರಬೇಕು. 125ರಲ್ಲಿ ಪೆರಾಕ್ಸಿ-2-ಈಥೈಲ್‌ಹೆಕ್ಸನೋಯೇಟ್‌ನ ಕೊನೆಯ ಕಂತು ಹಾಕಿದ ಮೇಲೆ ಒಂದು ಗಂಟೆ ಬಿಟ್ಟರೆ ಸಾಕು. ಡೈ-ಟರ್ಷರಿ-ಅಮೈಲ್ ಪೆರಾಕ್ಸೈಡ್ ಬಳಸಿದ್ದರೆ ಅದು 105 ಡಿಗ್ರಿಯಲ್ಲಿ ಸಾಯದೆ ಉಳಿದು, ಅಕ್ರಿಲೇಟ್ ಬಂದ ಮೇಲೆ ರ‍್ಯಾಡಿಕಲ್ ಬಿಡುತ್ತಲೇ ಇರುತ್ತದೆ. ಯುವಿ ರೂಪ ಮಾಡುವ ಯೋಚನೆ ಇದ್ದರೆ ಅದನ್ನು ಆರಿಸಿಕೊಳ್ಳಬೇಡಿ.

ಅಕ್ರಿಲಿಕ್ ಆಮ್ಲ 13-14 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಗಟ್ಟಿಯಾಗುವಾಗ ಇನ್‌ಹಿಬಿಟರ್ ಹರಳಿನ ಹೊರಗೆ ಉಳಿಯುತ್ತದೆ. ಹಾಗಾದ ಬಾಟಲಿಯನ್ನು ಹೀಟರ್ ಮೇಲೆ ಇಡಬೇಡಿ, ಅರ್ಧ ಕರಗಿದ್ದನ್ನು ಬಗ್ಗಿಸಿಯೂ ತೆಗೆಯಬೇಡಿ. ಬಗ್ಗಿಸಿದ ಭಾಗದಲ್ಲಿ ಇನ್‌ಹಿಬಿಟರ್ ಹೆಚ್ಚಾಗಿ, ಬಾಟಲಿಯಲ್ಲಿ ಉಳಿದದ್ದಕ್ಕೆ ರಕ್ಷಣೆಯೇ ಇರುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಆಗಾಗ ಅಲ್ಲಾಡಿಸುತ್ತಾ ಪೂರ್ತಿ ಕರಗಿಸಿ, ಚೆನ್ನಾಗಿ ಬೆರೆತ ಮೇಲೆ ಅಳೆದುಕೊಳ್ಳಿ.